ಸಾರ್ವಜನಿಕ ರಜಾದಿನದ ವಿಧಿಮೂಲ: ಅಕ್ಕೋಳ-ಕಾಗಲ ಗಡಿಯ ದೃಷ್ಟಾಂತ

ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ತಾತ್ಕಾಲಿಕವಾದ ಅನಧ್ಯಾಯಗಳು 37 ಎಂದು ಹೇಳಲ್ಪಟ್ಟಿವೆ. ನಾಯಿ, ನರಿ, ಕತ್ತೆ, ಗೂಬೆಗಳ ಕೂಗು ಕೇಳಿಬಂದರೆ ವೇದಪಾಠವು ಆ ಹೊತ್ತಿಗೆ ನಿಲ್ಲತಕ್ಕದ್ದು. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರೆಯಲ್ಲಿ ವಿವರಿಸಿರುವ ಈ ಪ್ರಕರಣದಲ್ಲಿ ನಿಮಿತ್ತವು ಒದಗಿದೊಡನೆಯೇ ಅನಧ್ಯಾಯವು ಸಿದ್ಧಿಸುವುದು. ಅರಸನು ಅದನ್ನು ಸಾರಬೇಕಾದುದಿಲ್ಲ. ಇಂದಿನ ಸಾರ್ವಜನಿಕ ರಜಾದಿನದ ಕ್ರಮವು ಇದಕ್ಕೆ ವಿಪರೀತವಾದುದು. ರವಿವಾರವೊಂದನ್ನು ಬಿಟ್ಟರೆ, ನಿಮಿತ್ತವು ಎಷ್ಟು ದೊಡ್ಡದಾದರೂ ಘೋಷಣೆಯಿಲ್ಲದೆ ರಜೆಯು ಹುಟ್ಟದು.

ಇದಕ್ಕೆ ಆಧಾರವಾದುದು 1881ನೆಯ ಇಸವಿಯ 26ನೆಯ ಕಾಯಿದೆ, ಎಂದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆ. ಹಬ್ಬಗಳನ್ನು ನಿರ್ಣಯಿಸುವುದಕ್ಕಾಗಿ ಇದು ಹುಟ್ಟಿದುದಲ್ಲ. ಪ್ರಾಮಿಸರಿ ನೋಟು, ಹುಂಡಿ, ಚೆಕ್ಕುಗಳ ವ್ಯವಹಾರವೇ ಇದರ ವಿಷಯ. ಪತ್ರದ ಹಣವು ಸಲ್ಲಬೇಕಾದ ದಿನ ರಜೆಯಾದರೆ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಇದರ 25ನೆಯ ಕಲಮು ಬಂದಿತು. ಮೂಲಪಾಠದಲ್ಲಿ ರವಿವಾರ, ಕ್ರೈಸ್ತ ಹೊಸವರ್ಷದ ದಿನ, ಕ್ರಿಸ್‌ಮಸ್, ಗುಡ್ ಫ್ರೈಡೆ ಇವುಗಳ ಹೆಸರಿದ್ದವು. ಯುಗಾದಿ, ದೀಪಾವಳಿ, ರಂಜಾನ್ ಮುಂತಾದವೆಲ್ಲವೂ ಸ್ಥಳೀಯ ಸರ್ಕಾರವು ರಾಜಪತ್ರದಲ್ಲಿ ಘೋಷಿಸುವ ‘ಇತರ ದಿನ’ಗಳಲ್ಲಿ ಅಡಗಿಕೊಂಡವು. 1955ರ ತಿದ್ದುಪಡಿಯಿಂದ ಆ ಕ್ರೈಸ್ತ ಪರ್ವಗಳ ಹೆಸರುಗಳು ಹೋಗಿ, ರವಿವಾರವೊಂದು ಉಳಿಯಿತು. ಅಂದಿನಿಂದ ಎಲ್ಲ ಮತಗಳ ಪರ್ವಗಳೂ ಅಧಿಸೂಚನೆಯ ಮುಂದೆ ಸಮಾನವಾದವು.

ಘೋಷಿಸುವವರು ಯಾರೆಂಬುದು ಎರಡನೆಯ ವಿಚಾರ. ಸ್ಥಳೀಯ ಸರ್ಕಾರದ ಈ ಅಧಿಕಾರವು ತರುವಾಯ ಕೇಂದ್ರ ಸರ್ಕಾರದ ಹೆಸರಿಗೆ ಬಂದಿತು. ಸಂವಿಧಾನದಲ್ಲಿಯೂ ಹುಂಡಿ ಚೆಕ್ಕುಗಳು ಕೇಂದ್ರದ ಪಟ್ಟಿಗೆ ಸೇರಿದವು. ಆದರೆ 1957ರ ಜೂನ್ 8ರ ಅಧಿಸೂಚನೆಯಿಂದ ಕೇಂದ್ರದ ಗೃಹಖಾತೆಯು ಇದನ್ನು ರಾಜ್ಯಗಳಿಗೆ ವಹಿಸಿಕೊಟ್ಟಿತು. ಆದುದರಿಂದ ರಜೆಯು ರಾಜ್ಯದ ಗಡಿಯೊಳಗೆ ಹುಟ್ಟಿ ಗಡಿಯಲ್ಲಿಯೇ ಮುಗಿಯುವುದು.

ಇದರ ಪರಿಣಾಮವನ್ನು ಅಕ್ಕೋಳದ ಸೀಮೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಕ್ಕೋಳವು ಹಿಂದೆ ಮುಂಬಯಿ ಆಧಿಪತ್ಯದ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನಲ್ಲಿದ್ದಿತು. ಈಗ ನಿಪ್ಪಾಣಿ ತಾಲೂಕಿನಲ್ಲಿದೆ. ನಿಪ್ಪಾಣಿಯ ಹೊಗೆಸೊಪ್ಪಿನ ಪೇಟೆಯೇ ಈ ನಾಡಿನ ವ್ಯಾಪಾರಕ್ಕೆ ಕೇಂದ್ರ. ಸಮೀಪದ ಕಾಗಲವಾದರೋ ಕೊಲ್ಲಾಪುರ ಸಂಸ್ಥಾನಕ್ಕೆ ಅಧೀನವಾದ ಜಹಗೀರು; ಬ್ರಿಟಿಷ್ ಇಂಡಿಯಾದ ಕಾಯಿದೆಯು ಅಲ್ಲಿಗೆ ತಾನಾಗಿ ಸಲ್ಲುತ್ತಿರಲಿಲ್ಲ. 1949ರಲ್ಲಿ ಕೊಲ್ಲಾಪುರವು ಮುಂಬಯಿ ರಾಜ್ಯದಲ್ಲಿ ವಿಲೀನವಾದ ಮೇಲೆ ಎರಡು ಊರುಗಳೂ ಒಂದೇ ಆಡಳಿತಕ್ಕೆ ಒಳಪಟ್ಟವು. ಈ ಐಕ್ಯವು ಏಳು ವರ್ಷಗಳು ಮಾತ್ರ ನಿಂತಿತು. 1956ರ ನವೆಂಬರ್ 1ರಂದು ಅಕ್ಕೋಳವು ಮೈಸೂರು ರಾಜ್ಯಕ್ಕೆ ಬಂದಿತು; ಕಾಗಲವು ಮುಂಬಯಿಯಲ್ಲಿಯೇ ಉಳಿದು 1960ರ ಮೇ 1ರಂದು ಮಹಾರಾಷ್ಟ್ರಕ್ಕೆ ಸೇರಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಗಡಿಯನ್ನು ಹುಟ್ಟಿಸಿದ ನವೆಂಬರ್ 1 ಎಂಬ ದಿನವೇ ರಾಜ್ಯೋತ್ಸವವೆಂಬ ಹೆಸರಿನಿಂದ ಗಡಿಯ ಈಚೆಗೆ ರಜೆ. ಆಚೆಗೆ ಕೆಲಸದ ದಿನ. ಮೇ 1 ಎರಡೂ ಕಡೆಗೆ ರಜೆಯಾದರೂ, ಈಚೆಗೆ ಕಾರ್ಮಿಕರ ದಿನ, ಆಚೆಗೆ ಮಹಾರಾಷ್ಟ್ರ ದಿನವೂ ಹೌದು. ಕಾರಣವು ಬೇರೆಯಾಗಿದ್ದರೂ ಫಲವು ಒಂದೇ. ವಿಧಿಯು ಕಾರಣವನ್ನು ಕೇಳದು.

ಇದು ಬರಿಯ ಹೆಸರಿನ ಭೇದವಲ್ಲ, ಹಣದ ಭೇದ. ಅಕ್ಟೋಬರ್ 29ಕ್ಕೆ ಸಲ್ಲತಕ್ಕದ್ದೆಂದು ಬರೆದ ಪ್ರಾಮಿಸರಿ ನೋಟಿಗೆ 22ನೆಯ ಕಲಮಿನಂತೆ ಮೂರು ದಿನಗಳ ರಿಯಾಯಿತಿ ಸೇರಿ ನವೆಂಬರ್ 1ಕ್ಕೆ ವಾಯಿದೆ ತುಂಬುವುದು. ಕಾಗಲದಲ್ಲಿ ಅದು ಅಂದೇ ಸಲ್ಲುವುದು. ನಿಪ್ಪಾಣಿಯಲ್ಲಿ ಅಂದು ರಜೆಯಾದುದರಿಂದ, 31ನೆಯ ತಾರೀಖು ವ್ಯವಹಾರದ ದಿನವಾಗಿದ್ದರೆ, ಅಂದೇ ಸಲ್ಲಿಸಬೇಕು. ರಜೆಯು ವಾಯಿದೆಯನ್ನು ಮುಂದಕ್ಕೆ ತಳ್ಳುವುದೆಂಬ ಲೋಕದ ಭಾವನೆ ಇಲ್ಲಿ ತಪ್ಪುವುದು. ನ್ಯಾಯಾಲಯದ ಕಾರ್ಯಕ್ಕಾದರೋ 1897ರ ಜನರಲ್ ಕ್ಲಾಜಸ್ ಕಾಯಿದೆಯ 10ನೆಯ ಕಲಮಿನಂತೆ ಗಡುವಿನ ದಿನ ಬಾಗಿಲು ಮುಚ್ಚಿದ್ದರೆ, ತೆರೆದ ಮರುದಿನವೇ ಸಲ್ಲುವುದು. ಒಂದೇ ರಜೆ, ಸಾಲಗಾರನಿಗೆ ಹಿಂದಿನ ದಿನ, ಕಕ್ಷಿದಾರನಿಗೆ ಮುಂದಿನ ದಿನ.

ದುಡಿಯುವವನ ರಜೆಗೆ ಆಧಾರವು ಬೇರೊಂದು. ಕೈಗಾರಿಕಾ ಸಂಸ್ಥೆಗಳ ಕೆಲಸಗಾರರಿಗೆ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳನ್ನು ಸಂಬಳಸಹಿತವಾಗಿ ಕೊಡಿಸುವುದು 1963ರಲ್ಲಿ ಮೈಸೂರು ರಾಜ್ಯವು ಮಾಡಿದ ಕಾಯಿದೆ. ಹೊಲದ ಕೂಲಿಯವನಿಗೆ ಬ್ಯಾಂಕಿನ ರಜೆಯಿಂದ ದಿನದ ಕೂಲಿ ಬಾರದು. ಪಟ್ಟಿಯಲ್ಲಿ ದಿನವೊಂದು ಅಚ್ಚಾದ ಮಾತ್ರಕ್ಕೆ ಅದು ಎಲ್ಲರ ವಿಶ್ರಾಂತಿಯೆಂದು ಭಾವಿಸಲಾಗದು.

ಹಾಗಾದರೆ ಪ್ರಜೆಯು ರಜೆಯನ್ನು ಹಕ್ಕಿನಿಂದ ಕೇಳಬಹುದೇ? ದಾದ್ರಾ ನಗರ ಹವೇಲಿಯ ವಿಮೋಚನಾದಿನವಾದ ಆಗಸ್ಟ್ 2ನ್ನು ರಜೆಯೆಂದು ಘೋಷಿಸಬೇಕೆಂಬ ವಿವಾದದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 2022ರಲ್ಲಿ, ಇದು ಸರ್ಕಾರದ ನೀತಿಗೆ ಸೇರಿದುದು, ಸಾರ್ವಜನಿಕ ರಜೆಗೆ ಮೂಲಭೂತ ಹಕ್ಕಿಲ್ಲ ಎಂದು ನಿರ್ಣಯಿಸಿತು.

ಆದರೂ ನಿಮಿತ್ತವು ಪೂರ್ಣವಾಗಿ ಸೋತಿಲ್ಲ. ಮುಸಲ್ಮಾನರ ಹಬ್ಬವು ಚಂದ್ರದರ್ಶನದಿಂದಾಗಿ ನಿಗದಿಯಾದ ತಾರೀಖಿಗೆ ಬೀಳದಿದ್ದರೆ, ಆ ಮತದ ಸರ್ಕಾರಿ ನೌಕರರಿಗೆ ಹಬ್ಬದ ದಿನವೇ ಬದಲಿ ರಜೆ ಕೊಡಬಹುದೆಂದು ಕರ್ನಾಟಕದ ಅಧಿಸೂಚನೆಯಲ್ಲಿ ಹೇಳುವುದುಂಟು. ಕೊಡಗಿಗೆ ಮಾತ್ರ ಸಲ್ಲುವಂತೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿಗಳ ಸ್ಥಳೀಯ ರಜೆಗಳೂ ಉಂಟು. ಚಂದ್ರನಿಗೂ ದೇಶಾಚಾರಕ್ಕೂ ಹೀಗೆ ಎಡೆಯಿರುವುದು. ಆದರೆ ಆ ಎಡೆಯನ್ನು ಕೊಡುವುದೂ ರಾಜಪತ್ರವೇ. ತಿಥಿಯನ್ನು ಪಂಚಾಂಗದಲ್ಲಿ ನೋಡಬಹುದು. ರಜೆಯನ್ನಾದರೋ ಆಯಾ ನಾಡಿನ ಅಧಿಸೂಚನೆಯಲ್ಲಿಯೇ ನೋಡತಕ್ಕದ್ದು.