ಆಸ್ಟ್ರೇಲಿಯದ ಮನೆಮಂದಿಯ ಕಾರು: ಹೋಲ್ಡನ್ ನಡೆದ ದಾರಿ

ಒಂದು ನಾಡಿನ ರಸ್ತೆಗಳು ಹೇಗಿವೆಯೋ, ಅಲ್ಲಿಯ ಕಾರೂ ಹಾಗೆಯೇ ರೂಪುಗೊಳ್ಳುತ್ತದೆ. ಈ ಮಾತಿಗೆ ಆಸ್ಟ್ರೇಲಿಯಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದು ಒಂದು ಖಂಡದಷ್ಟು ವಿಸ್ತಾರವಾದ ದೇಶ. ಜನವಸತಿ ಬಹುಮಟ್ಟಿಗೆ ಕಡಲಂಚಿನ ನಗರಗಳಲ್ಲಿದೆ. ಒಳನಾಡಿನಲ್ಲಿ ನೂರಾರು ಮೈಲಿ ಉದ್ದದ ಮಣ್ಣುದಾರಿ, ಬಿಸಿಲು, ಧೂಳು. ಅಂಥ ಕಡೆ ಮನೆಮಂದಿಯೆಲ್ಲ ಕುಳಿತು ಹೋಗಬಲ್ಲ ಕಾರು ಎಂಥದಿರಬೇಕು? ಈ ಪ್ರಶ್ನೆಗೆ ಆ ದೇಶ ಸುಮಾರು ಎಪ್ಪತ್ತು ವರ್ಷ ಉತ್ತರ ಹುಡುಕಿತು.

ಹೋಲ್ಡನ್ ಸಂಸ್ಥೆ ಹುಟ್ಟಿದ್ದು ಕಾರಿನಿಂದಲ್ಲ, ಕುದುರೆಯ ಜೀನಿನಿಂದ. 1856ರಲ್ಲಿ ಜೇಮ್ಸ್ ಅಲೆಕ್ಸಾಂಡರ್ ಹೋಲ್ಡನ್ ಅಡಿಲೇಡ್ ನಗರದಲ್ಲಿ ಜೀನು ತಯಾರಿಕೆಯ ಅಂಗಡಿ ತೆರೆದರು. ಮುಂದಿನ ತಲೆಮಾರುಗಳಲ್ಲಿ ಅದು ಮೋಟಾರು ಬಾಡಿ ಕಟ್ಟುವ ಕಾರ್ಖಾನೆಯಾಯಿತು. 1931ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಅದನ್ನು ಕೊಂಡುಕೊಂಡಿತು. ಆಗಲೂ ಹೊರದೇಶದ ಚಾಸಿಸ್ ತರಿಸಿ ಮೇಲೆ ಬಾಡಿ ಕೂರಿಸುವುದೇ ಮುಖ್ಯ ಕೆಲಸವಾಗಿತ್ತು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ, ಕಾರನ್ನು ಪೂರ್ತಿಯಾಗಿ ತನ್ನ ನೆಲದಲ್ಲೇ ತಯಾರಿಸಬೇಕೆಂಬ ಬಯಕೆ ಅಲ್ಲಿಯ ಸರ್ಕಾರಕ್ಕೆ ಬಲವಾಯಿತು.

1948ರ ನವೆಂಬರ್ 29ರಂದು ಮೆಲ್ಬರ್ನ್‌ನ ಫಿಷರ್‌ಮನ್ಸ್ ಬೆಂಡ್ ಕಾರ್ಖಾನೆಯಲ್ಲಿ ಪ್ರಧಾನಿ ಬೆನ್ ಚಿಫ್ಲಿ ಮೊದಲ ಹೋಲ್ಡನ್ ಕಾರನ್ನು ಅನಾವರಣ ಮಾಡಿದರು. ಅದರ ಹೆಸರು 48-215. ಬೆಲೆ ತೆರಿಗೆ ಸೇರಿ 733 ಪೌಂಡು. ಸಾಮಾನ್ಯ ದುಡಿಮೆಗಾರನ ಒಂದು ವರ್ಷದ ಸಂಬಳವನ್ನೂ ಮೀರಿದ ಮೊತ್ತ. ಆದರೂ ಸಾವಿರಾರು ಮಂದಿ ಕಾರನ್ನು ಕಣ್ಣಿನಿಂದ ನೋಡುವ ಮೊದಲೇ ಮುಂಗಡ ಕಟ್ಟಿದ್ದರು.

ಇದರ ವಿನ್ಯಾಸದ ಮೂಲ ಅಮೆರಿಕದ್ದೇ. ಆದರೆ ಗಾತ್ರದಲ್ಲಿ ಅಮೆರಿಕದ ಕಾರುಗಳಿಗಿಂತ ಚಿಕ್ಕದು, ಬ್ರಿಟನ್ನಿನ ಸಣ್ಣ ಕಾರುಗಳಿಗಿಂತ ದೊಡ್ಡದು. ಚಾಸಿಸ್ ಬೇರೆ, ಬಾಡಿ ಬೇರೆ ಎಂಬ ಹಳೆಯ ಪದ್ಧತಿಯನ್ನು ಬಿಟ್ಟು ಎರಡನ್ನೂ ಒಂದೇ ಉಕ್ಕಿನ ಗೂಡಾಗಿ ಬೆಸೆದದ್ದರಿಂದ ತೂಕ ಇಳಿಯಿತು. 2.15 ಲೀಟರಿನ ಆರು ಸಿಲಿಂಡರ್ ಎಂಜಿನ್ 60 ಅಶ್ವಶಕ್ತಿ ಕೊಡುತ್ತಿತ್ತು. ಗೇರಿನ ಹಿಡಿಯನ್ನು ಸ್ಟಿಯರಿಂಗ್ ಕಂಬಕ್ಕೆ ಜೋಡಿಸಿದ್ದರು. ಹೀಗಾಗಿ ಮುಂದಿನ ಉದ್ದ ಸೀಟಿನಲ್ಲಿ ಮೂವರು ಕೂರಬಹುದಾಗಿತ್ತು. ತಿರುಗುವಾಗ ಮಿನುಗುವ ದೀಪ ಮಾತ್ರ ಇರಲಿಲ್ಲ. ಚಾಲಕ ಕೈ ಚಾಚಿಯೇ ಸೂಚನೆ ಕೊಡಬೇಕಿತ್ತು. 1958ರ ವೇಳೆಗೆ ಆ ದೇಶದಲ್ಲಿ ಮಾರಾಟವಾಗುತ್ತಿದ್ದ ಪ್ರತಿ ನೂರು ಕಾರುಗಳಲ್ಲಿ ನಲವತ್ತಕ್ಕೂ ಹೆಚ್ಚು ಹೋಲ್ಡನ್ನಿನವೇ ಆಗಿದ್ದವು.

ಈ ಯಶಸ್ಸನ್ನು ಕಂಡ ಫೋರ್ಡ್ ಸಂಸ್ಥೆ 1960ರಲ್ಲಿ ತನ್ನ ಫಾಲ್ಕನ್ ಕಾರನ್ನು ಕಣಕ್ಕಿಳಿಸಿತು. ನೋಡಲು ಅಂದವಾದ ಕಾರು. ಆದರೆ ಅಮೆರಿಕದ ನುಣುಪು ಹೆದ್ದಾರಿಗೆಂದು ರೂಪಿಸಿದ ಅದರ ಮುಂದಿನ ಸಸ್ಪೆನ್ಷನ್ ಆಸ್ಟ್ರೇಲಿಯದ ಗುಂಡಿಗಳನ್ನು ತಾಳಲಿಲ್ಲ. ಕಳೆದುಕೊಂಡ ಹೆಸರನ್ನು ಮರಳಿ ಪಡೆಯಲು ಫೋರ್ಡ್ 1965ರಲ್ಲಿ ಬಲಪಡಿಸಿದ ಫಾಲ್ಕನ್ ಕಾರುಗಳನ್ನು ತನ್ನ ಪರೀಕ್ಷಾ ಪಥದಲ್ಲಿ 70,000 ಮೈಲಿ ಓಡಿಸಿ ತೋರಿಸಬೇಕಾಯಿತು.

ಇದೇ ಪಾಠ ಮುಂದೆ ಹೋಲ್ಡನ್ನಿಗೂ ಕಾದಿತ್ತು. 1971ರಲ್ಲಿ ಬಂದ ವಿಶಾಲವಾದ ಎಚ್‌ಕ್ಯೂ ಮಾದರಿ 4,85,650 ಕಾರುಗಳಷ್ಟು ತಯಾರಾಗಿ ದಾಖಲೆ ಮಾಡಿತ್ತು. ಆದರೆ 1973ರ ತೈಲ ಬಿಕ್ಕಟ್ಟು ಎಲ್ಲರನ್ನೂ ಚಿಕ್ಕ ಕಾರಿನತ್ತ ತಿರುಗಿಸಿತು. ಜರ್ಮನಿಯ ಓಪೆಲ್ ಕಾರನ್ನು ಆಧರಿಸಿ ಹೋಲ್ಡನ್ 1978ರಲ್ಲಿ ಕೊಮೊಡೋರ್ ಹೊರತಂದಿತು. ಅದಕ್ಕೂ ಮೊದಲು, ಆಸ್ಟ್ರೇಲಿಯದ ಒರಟು ಪರೀಕ್ಷೆಯಲ್ಲಿ ಓಪೆಲ್ಲಿನ ಗೂಡು ಎಂಜಿನ್ ಕೋಣೆಯ ಹಿಂದಿನ ಗೋಡೆಯ ಬಳಿ ಮುರಿದಿತ್ತು. ಇಡೀ ಗೂಡನ್ನೇ ಬಲಪಡಿಸಬೇಕಾಯಿತು.

ಕೊಮೊಡೋರ್ ಚುರುಕಾದ ಕಾರು, ನಿಜ. ಆದರೆ ಅಗಲ ಕಡಿಮೆ. ಹಿಂದಿನ ಸೀಟಿನಲ್ಲಿ ಮೂವರು ಭುಜ ತಾಗಿಸಿಕೊಂಡು ಕೂರಬೇಕು. ಪೆಟ್ರೋಲಿನ ಆತಂಕ ಇಳಿಯುತ್ತಲೇ ಕುಟುಂಬಗಳು ಅಗಲವಾದ ಫಾಲ್ಕನ್‌ನತ್ತ ಹೊರಳಿದವು. 1988ರಲ್ಲಿ ಬಂದ ವಿಎನ್ ಮಾದರಿಯಲ್ಲಿ ಹೋಲ್ಡನ್ ಬಾಡಿಯನ್ನು ಅಗಲಿಸಿತಾದರೂ, ಖರ್ಚು ಉಳಿಸಲು ಕೆಳಗಿನ ಅಂಗಗಳನ್ನು ಹಳೆಯ ಕಿರಿದಾದ ಅಳತೆಯಲ್ಲೇ ಉಳಿಸಿಕೊಂಡಿತು. ಚಾಲಕನ ಏರ್‌ಬ್ಯಾಗ್ 1993ರಲ್ಲಿ ಸೇರಿತು. ಅಡಿಯಿಂದ ಮುಡಿಯವರೆಗೆ ಆಸ್ಟ್ರೇಲಿಯದಲ್ಲೇ ವಿನ್ಯಾಸಗೊಂಡ ಕೊಮೊಡೋರ್ ಬಂದದ್ದು 2006ರಲ್ಲಿ. ವಿಇ ಎಂಬ ಈ ಮಾದರಿಗೆ ನೂರು ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಯಿತು. ಅಮೆರಿಕಕ್ಕೂ ಅದು ಪೋಂಟಿಯಾಕ್ ಹೆಸರಿನಲ್ಲಿ ರಫ್ತಾಯಿತು. ಒಂದು ಕಾಲಕ್ಕೆ ಅಲ್ಲಿಂದ ವಿನ್ಯಾಸ ತಂದವರು ಈಗ ಅಲ್ಲಿಗೇ ಕಾರು ಕಳಿಸಿದರು.

ವಿಪರ್ಯಾಸವೆಂದರೆ, ಕೌಶಲ ಪಕ್ವವಾದ ಹೊತ್ತಿಗೆ ಮಾರುಕಟ್ಟೆ ಕೈಬಿಟ್ಟಿತು. 1980ರ ದಶಕದಲ್ಲಿ 57.5 ಶೇಕಡಾ ಇದ್ದ ಆಮದು ಸುಂಕ 2010ರಲ್ಲಿ 5 ಶೇಕಡಾಕ್ಕೆ ಇಳಿದಿತ್ತು. ಆಸ್ಟ್ರೇಲಿಯದ ಡಾಲರಿನ ಬೆಲೆ ಏರಿತ್ತು. ಕುಟುಂಬಗಳು ಎತ್ತರದ ಎಸ್‌ಯುವಿಗಳನ್ನು ಬಯಸತೊಡಗಿದ್ದವು. ಫೋರ್ಡ್ 2016ರ ಅಕ್ಟೋಬರ್‌ನಲ್ಲಿ ಅಲ್ಲಿ ಕಾರು ತಯಾರಿಕೆ ನಿಲ್ಲಿಸಿತು. 2017ರ ಅಕ್ಟೋಬರ್ 20ರಂದು ದಕ್ಷಿಣ ಆಸ್ಟ್ರೇಲಿಯದ ಎಲಿಜಬೆತ್ ಕಾರ್ಖಾನೆಯಿಂದ ಕೊನೆಯ ಕೊಮೊಡೋರ್ ಹೊರಬಂದಿತು. ಆ ಬಳಿಕ ಅದೇ ಹೆಸರಿನಲ್ಲಿ ಮಾರಾಟವಾದದ್ದು ಜರ್ಮನಿಯಲ್ಲಿ ತಯಾರಾದ ಕಾರು. 2020ರಲ್ಲಿ ಹೋಲ್ಡನ್ ಎಂಬ ಹೆಸರಿಗೇ ಜನರಲ್ ಮೋಟಾರ್ಸ್ ತೆರೆ ಎಳೆಯಿತು.

ಒಂದು ಕಾರ್ಖಾನೆ ಮುಚ್ಚಿದಾಗ ನಿಲ್ಲುವುದು ಯಂತ್ರಗಳು ಮಾತ್ರವಲ್ಲ. ಯಾವ ದಾರಿಯಲ್ಲಿ ಯಾವ ಬೆಸುಗೆ ಬಿಡುತ್ತದೆ, ಯಾವ ಕೀಲು ಸವೆಯುತ್ತದೆ ಎಂದು ಎರಡು ಮೂರು ತಲೆಮಾರು ಕಲಿತ ತಿಳಿವಳಿಕೆಯೂ ಚದುರಿಹೋಗುತ್ತದೆ. ಸುಂಕದ ಆಸರೆಯಲ್ಲಿ ಉದ್ಯಮವನ್ನು ಬೆಳೆಸಿದ ಪ್ರತಿಯೊಂದು ದೇಶವೂ ಆಸರೆ ತೆಗೆಯುವ ಮುನ್ನ ಈ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.