ಪೈ ಎಸೆದವರು ಯಾರು?

ಹೋದ ದೀಪಾವಳಿಗೆ ಊರಿಗೆ ಹೋದಾಗ ಅಪ್ಪನ ಜೊತೆ ಒಂದು ಸಣ್ಣ ವಾದವಾಯಿತು. ವಿಷಯ ಚಾರ್ಲಿ ಚಾಪ್ಲಿನ್. ಎಂಬತ್ತರ ದಶಕದಲ್ಲಿ ಪಕ್ಕದ ಮನೆಯ ಟಿವಿಯಲ್ಲಿ ನೋಡಿದ್ದನ್ನು ಅಪ್ಪ ನೆನಪಿಸಿಕೊಳ್ಳುತ್ತಿದ್ದರು. “ಇಡೀ ಬೀದಿಯವರು ಒಬ್ಬರ ಮುಖಕ್ಕೊಬ್ಬರು ಕೆನೆ ಮೆತ್ತಿದ ತಿಂಡಿ ಎಸೀತಾರಲ್ಲ, ಮಧ್ಯದಲ್ಲಿ ಚಾಪ್ಲಿನ್. ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿತ್ತು.”

ಹಾಸ್ಯಚಿತ್ರಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಸುಮ್ಮನಿರಲಾಗಲಿಲ್ಲ. “ಅದು ಚಾಪ್ಲಿನ್ ಅಲ್ಲಪ್ಪ, ಲಾರೆಲ್ ಮತ್ತು ಹಾರ್ಡಿ. ಚಾಪ್ಲಿನ್ ಪೈ ಎಸೆಯುವವನೇ ಅಲ್ಲ” ಎಂದೆ. “ಇರಬಹುದು ಮಾರಾಯ, ಓದಿದವನು ನೀನು” ಎಂದು ಅಪ್ಪ ಪೇಪರ್ ಎತ್ತಿಕೊಂಡರು. ಮಾತು ಅಲ್ಲಿಗೇ ನಿಂತಿತು.

ನಾನು ಹೇಳಿದ ಆ ಎರಡು ವಾಕ್ಯಗಳಲ್ಲಿ ಮೊದಲನೆಯದು ಸರಿ, ಎರಡನೆಯದು ತಪ್ಪು. ಅದು ಗೊತ್ತಾಗಲು ನನಗೆ ಮೂರು ತಿಂಗಳು ಬೇಕಾಯಿತು.

ಆ ಮೂರು ತಿಂಗಳ ನಡುವೆ ಇನ್ನೊಂದು ಪ್ರಸಂಗ ನಡೆಯಿತು. ನನ್ನ ಎರಡನೇ ಅಧ್ಯಾಯದ ಕರಡಿನಲ್ಲಿ ಆಲಿವರ್ ಹಾರ್ಡಿಯ ಪ್ರಸಿದ್ಧ ಗೊಣಗಾಟವನ್ನು ಉದ್ಧರಣ ಚಿಹ್ನೆಯೊಳಗೆ ಬರೆದಿದ್ದೆ. ಪ್ರತಿ ಸಲ ಎಲ್ಲ ಎಡವಟ್ಟಾದ ಮೇಲೆ ಟೈ ಸರಿಮಾಡಿಕೊಂಡು, ‘ನನ್ನನ್ನು ಮತ್ತೆ ಒಳ್ಳೇ ಫಜೀತಿಗೆ ಸಿಕ್ಕಿಸಿದೆಯಲ್ಲ’ ಎಂದು ಲಾರೆಲ್‌ನನ್ನು ಬೈಯುವ ಮಾತು ಅದು. ಇಂಗ್ಲಿಷಿನಲ್ಲಿ ನಾನು ಬರೆದದ್ದು ‘ಅನದರ್ ಫೈನ್ ಮೆಸ್’ ಎಂದು. ಮಾರ್ಗದರ್ಶಕರು ಅದರ ಸುತ್ತ ಪೆನ್ಸಿಲಿನಲ್ಲಿ ಸುತ್ತುಹಾಕಿ ಕೇಳಿದ್ದು ಒಂದೇ ಪ್ರಶ್ನೆ: “ಕೇಳಿ ಬರೆದಿರೋ, ಓದಿ ಬರೆದಿರೋ?”

ಓದಿ ಬರೆದಿದ್ದೆ. ಆ ರಾತ್ರಿ ಕೂತು ಕೇಳಿದೆ. ಹಾರ್ಡಿ ಹೇಳುವುದು ‘ಅನದರ್ ನೈಸ್ ಮೆಸ್’. 1930ರ ‘ದಿ ಲಾರೆಲ್-ಹಾರ್ಡಿ ಮರ್ಡರ್ ಕೇಸ್’ನಲ್ಲೂ ನೈಸ್, 1933ರ ‘ಸನ್ಸ್ ಆಫ್ ದಿ ಡೆಸರ್ಟ್’ನಲ್ಲೂ ನೈಸ್. ಹಾಗಾದರೆ ‘ಫೈನ್’ ಎಲ್ಲಿಂದ ಬಂತು? 1930ರಲ್ಲೇ ಬಂದ ಅವರ ಇನ್ನೊಂದು ಚಿತ್ರದ ಹೆಸರು ‘ಅನದರ್ ಫೈನ್ ಮೆಸ್’. ವಿಚಿತ್ರವೆಂದರೆ ಆ ಚಿತ್ರದೊಳಗೂ ಹಾರ್ಡಿ ‘ನೈಸ್’ ಎಂದೇ ಅನ್ನುತ್ತಾನೆ.

ಯೋಚಿಸಿದರೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ವಿಡಿಯೊ ಕ್ಯಾಸೆಟ್ ಮನೆಗೆ ಬರುವ ಮೊದಲು ಸಂಭಾಷಣೆ ಕೇಳಿಸುತ್ತಿದ್ದದ್ದು ಚಿತ್ರಮಂದಿರದ ಕತ್ತಲಲ್ಲಿ, ಅದೂ ಜನರ ನಗುವಿನ ನಡುವೆ, ಒಂದೇ ಒಂದು ಸಲ. ಹೆಸರು ಹಾಗಲ್ಲ. ಅದು ಪೋಸ್ಟರಿನಲ್ಲಿತ್ತು, ಪತ್ರಿಕೆಯ ಜಾಹೀರಾತಿನಲ್ಲಿತ್ತು, ಚಿತ್ರಗಳ ಪಟ್ಟಿಗಳಲ್ಲಿತ್ತು. ಕಿವಿಗೆ ಬಿದ್ದ ಪದವನ್ನು ಕಣ್ಣಿಗೆ ಬಿದ್ದ ಪದ ಮೆಲ್ಲಗೆ ತಳ್ಳಿ ಅದರ ಜಾಗದಲ್ಲಿ ಕೂತಿತು.

ಹಸ್ತಪ್ರತಿಗಳ ಬಗ್ಗೆ ಓದಿದವರಿಗೆ ಇದು ಹೊಸದಲ್ಲ. ಗ್ರಂಥಸಂಪಾದನೆಯ ತರಗತಿಯಲ್ಲಿ ನಮಗೆ ಮೊದಲು ಕಲಿಸುವುದೇ ಪಾಠಾಂತರ. ಲಿಪಿಕಾರ ಪರಿಚಯವಿಲ್ಲದ ಪದವನ್ನು ಬಿಟ್ಟು ಪರಿಚಯವಿದ್ದ ಪದ ಬರೆಯುತ್ತಾನೆ. ಮುಂದಿನವನು ಅದನ್ನೇ ನಂಬಿ ನಕಲು ಮಾಡುತ್ತಾನೆ. ಒಳ್ಳೆಯ ಸಂಪಾದಕ ತಪ್ಪು ಪಾಠವನ್ನು ಹೊಡೆದು ಹಾಕಿ ಕೈತೊಳೆದುಕೊಳ್ಳುವುದಿಲ್ಲ, ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಪ್ರತಿ ಯಾವ ದಾರಿಯಲ್ಲಿ ಬಂತು, ಯಾರ ಕೈ ದಾಟಿತು ಎನ್ನುವುದಕ್ಕೆ ಆ ತಪ್ಪೇ ಸಾಕ್ಷಿ.

ಕೆಲವೊಮ್ಮೆ ಮೂಲ ಕರ್ತೃವೇ ಪಾಠಾಂತರವನ್ನು ಒಪ್ಪಿಕೊಳ್ಳುವುದೂ ಉಂಟು. 1933ರ ‘ಶಿ ಡನ್ ಹಿಮ್ ರಾಂಗ್’ ಚಿತ್ರದಲ್ಲಿ ಮೇ ವೆಸ್ಟ್, ಕ್ಯಾರಿ ಗ್ರಾಂಟನ ಪಾತ್ರಕ್ಕೆ ‘ಯಾವಾಗಲಾದರೂ ಮೇಲೆ ಬಂದು ನನ್ನನ್ನು ನೋಡಬಾರದೇ’ ಎಂಬರ್ಥದ ಮಾತು ಹೇಳುತ್ತಾಳೆ. ಅಲ್ಲಿ ‘ಸಮ್‌ಟೈಮ್’ ವಾಕ್ಯದ ನಡುವೆ ಬರುತ್ತದೆ. ಜನರ ಬಾಯಲ್ಲಿ ಅದು ಕೊನೆಗೆ ಸರಿದು ‘ಕಮ್ ಅಪ್ ಆಂಡ್ ಸೀ ಮೀ ಸಮ್‌ಟೈಮ್’ ಆಯಿತು. ಅದೇ ವರ್ಷ ಬಂದ ‘ಐ ಆಮ್ ನೋ ಏಂಜೆಲ್’ನಲ್ಲಿ ಆಕೆ ಜನರ ಪಾಠವನ್ನೇ ಹೇಳಿದಳು. ನಾಲಿಗೆಗೆ ಅದೇ ಸಲೀಸು ಎಂದು ಆಕೆಗೂ ಅನ್ನಿಸಿರಬೇಕು.

ಇನ್ನು ಅಪ್ಪನ ಪೈ ವಿಚಾರ. ಆ ಬೀದಿಕಾಳಗ 1927ರ ಕೊನೆಯಲ್ಲಿ ಬಂದ ಮೂಕಿ ಚಿತ್ರ ‘ದಿ ಬ್ಯಾಟಲ್ ಆಫ್ ದಿ ಸೆಂಚುರಿ’ಯದು. ಲಾರೆಲ್ ಬಿದ್ದು ಪೆಟ್ಟು ಮಾಡಿಕೊಂಡರೆ ವಿಮೆ ಹಣ ಸಿಗುತ್ತದೆಂದು ಹಾರ್ಡಿ ದಾರಿಯಲ್ಲಿ ಬಾಳೆಹಣ್ಣಿನ ಸಿಪ್ಪೆ ಹಾಕುತ್ತಾನೆ. ಜಾರುವವನು ಪೈ ಹೊತ್ತು ತರುತ್ತಿದ್ದ ಅಂಗಡಿಯವ. ಅವನು ಸಿಟ್ಟಿನಿಂದ ಹಾರ್ಡಿಯ ಮುಖಕ್ಕೆ ಒಂದು ಪೈ ಮೆತ್ತುತ್ತಾನೆ, ಅಲ್ಲಿಂದ ಬೀದಿಗೆ ಬೀದಿಯೇ ಸೇರಿಕೊಳ್ಳುತ್ತದೆ. ಬಳಸಿದ ಪೈಗಳ ಲೆಕ್ಕ ಒಂದು ಪುಸ್ತಕದಲ್ಲಿ 3,000 ಇದ್ದರೆ ಇನ್ನೊಂದರಲ್ಲಿ 4,000.

ಆದರೆ ಈ ಚಿತ್ರವನ್ನು ಜಗತ್ತು ದಶಕಗಳ ಕಾಲ ಪೂರ್ತಿಯಾಗಿ ನೋಡಿರಲೇ ಇಲ್ಲ. 1957ರಲ್ಲಿ ರಾಬರ್ಟ್ ಯಂಗ್ಸನ್ ‘ದಿ ಗೋಲ್ಡನ್ ಏಜ್ ಆಫ್ ಕಾಮಿಡಿ’ ಎಂಬ ಸಂಕಲನ ಚಿತ್ರಕ್ಕಾಗಿ ಪೈ ಕಾಳಗವನ್ನು ಕತ್ತರಿಸಿ ಸೇರಿಸಿಕೊಂಡ. ಉಳಿದದ್ದು ಕಳೆದುಹೋಯಿತು. ಎರಡನೇ ರೀಲು ಪೂರ್ತಿಯಾಗಿ ಸಿಕ್ಕಿದ್ದು 2015ರಲ್ಲಿ. ಅಷ್ಟರಲ್ಲಿ ತಲೆಮಾರುಗಳೇ ಆ ತುಣುಕನ್ನು ಚಿತ್ರವೆಂದು ನೆನಪಿಟ್ಟುಕೊಂಡಿದ್ದವು.

ಮೂಕಿ ಹಾಸ್ಯವೆಂದರೆ ಪೈ ಎಸೆತ ಎಂಬ ಸಮೀಕರಣಕ್ಕೆ ಇನ್ನೊಂದು ಕಾರಣವೂ ಇದೆ. 1939ರಲ್ಲಿ ‘ಹಾಲಿವುಡ್ ಕ್ಯಾವಲ್ಕೇಡ್’ ಎಂಬ ಚಿತ್ರ ಮೂಕಿ ಯುಗವನ್ನು ನೆನಪಿಸಿಕೊಳ್ಳಲು ಹೊರಟಿತು. ಅದರಲ್ಲಿ ಬಸ್ಟರ್ ಕೀಟನ್ ಪೈ ಎಸೆಯುತ್ತಾನೆ. ತಾನೇ ನಾಯಕನಾಗಿದ್ದ ಮೂಕಿ ಚಿತ್ರಗಳಲ್ಲಿ ಪೈಯಿಂದ ದೂರವೇ ಉಳಿದಿದ್ದ ಕೀಟನ್! ನೋಡಿದವರು ಇದನ್ನು ಮೂಕಿ ಕಾಲದ ಕೀಟನ್ ಎಂದೇ ತಿಳಿದರು. ಹಿಂದೆ ನಡೆಯದ್ದನ್ನು ನೆನಪಿನ ಹೆಸರಿನಲ್ಲಿ ಆಮೇಲೆ ನಡೆಸಿದ್ದಾಯಿತು.

ಕೀಟನ್ ಬಗ್ಗೆ ಓದಿದ ಈ ಮಾತನ್ನೇ ನಾನು ಯೋಚಿಸದೆ ಚಾಪ್ಲಿನ್‌ಗೂ ಅಂಟಿಸಿದ್ದೆ. ಜನವರಿಯಲ್ಲಿ 1916ರ ‘ಬಿಹೈಂಡ್ ದಿ ಸ್ಕ್ರೀನ್’ ನೋಡಿದೆ. ಚಾಪ್ಲಿನ್ ಅದರಲ್ಲಿ ಸಿನಿಮಾ ಸ್ಟುಡಿಯೊದ ಕೂಲಿಯಾಳು. ಸ್ಟುಡಿಯೊದ ಹಾಸ್ಯವಿಭಾಗ ‘ಹೊಸ ಐಡಿಯಾ’ ಒಂದರ ತಾಲೀಮು ನಡೆಸುತ್ತಿರುತ್ತದೆ. ಆ ಹೊಸ ಐಡಿಯಾ ಏನೆಂದರೆ ಪೈ ಎಸೆಯುವುದು. 1916ರಲ್ಲೇ ಅದು ಹಳಸಿದ ತಮಾಷೆ ಎಂಬುದೇ ಅಲ್ಲಿನ ತಮಾಷೆ. ಚಾಪ್ಲಿನ್ ಅಲ್ಲಿ ಪೈ ಎಸೆಯುತ್ತಾನೆ, ಅದೂ ಧಾರಾಳವಾಗಿ.

ಪರದೆಯ ಮುಂದೆ ಕೂತು ಮೊದಲು ನೆನಪಾದದ್ದು ಪೇಪರಿನ ಹಿಂದೆ ಮರೆಯಾದ ಅಪ್ಪನ ಮುಖ. ಅವರ ತಪ್ಪಿಗೆ ಒಂದು ಅನುಭವದ ಬೇರಿತ್ತು. ಅವರು ಏನನ್ನೋ ನೋಡಿ ನಕ್ಕಿದ್ದರು. ನನ್ನ ತಪ್ಪಿಗೆ ಇದ್ದದ್ದು ಅರ್ಧ ಓದಿದ ಪುಸ್ತಕದ ಬಲ. ಆದರೂ ನನ್ನ ಮಾತೇ ಗೆದ್ದಿತು, ಏಕೆಂದರೆ ‘ಓದಿದವನು’ ನಾನು. ಪ್ರೇಕ್ಷಕರ ಸಂದರ್ಶನಗಳನ್ನು ಇನ್ನಷ್ಟೇ ಶುರುಮಾಡಬೇಕಾಗಿದ್ದ ನನಗೆ ಇದು ಸಣ್ಣ ಎಚ್ಚರಿಕೆಯಲ್ಲ. ಎದುರಿಗಿರುವವರು ತಪ್ಪು ಹೇಳಿದೊಡನೆ ತಿದ್ದಿದರೆ ಅವರು ಪೇಪರ್ ಎತ್ತಿಕೊಳ್ಳುತ್ತಾರೆ. ಎಲ್ಲಿ, ಯಾರ ಜೊತೆ, ಯಾವುದರ ಹಿಂದೆಮುಂದೆ ನೋಡಿದರು ಎಂಬ ಮುಂದಿನ ಮಾತು ಬರುವುದೇ ಇಲ್ಲ.

ತಿದ್ದಲು ಆಧಾರವೇ ಇಲ್ಲದ ಚಿತ್ರಗಳೂ ಇವೆ. 1927ರ ‘ಹ್ಯಾಟ್ಸ್ ಆಫ್’ನಲ್ಲಿ ಲಾರೆಲ್ ಮತ್ತು ಹಾರ್ಡಿ ಉದ್ದನೆಯ ಮೆಟ್ಟಿಲುಸಾಲಿನ ಮೇಲೆ ಬಟ್ಟೆ ಒಗೆಯುವ ಯಂತ್ರವನ್ನು ಹೊತ್ತು ಹತ್ತುತ್ತಾರೆ. ಅದೇ ಮೆಟ್ಟಿಲ ಮೇಲೆ ಪಿಯಾನೊ ಹೊತ್ತ 1932ರ ‘ದಿ ಮ್ಯೂಸಿಕ್ ಬಾಕ್ಸ್’ ಆಸ್ಕರ್ ಪಡೆದು ಉಳಿಯಿತು; ‘ಹ್ಯಾಟ್ಸ್ ಆಫ್’ನ ಒಂದು ಪ್ರತಿಯೂ ಸಿಕ್ಕಿಲ್ಲ. ಅದರ ಬಗ್ಗೆ ಇರುವುದು ಕೆಲವು ಸ್ಥಿರಚಿತ್ರಗಳು, ನೋಡಿದವರು ಬರೆದಿಟ್ಟ ಮಾತುಗಳು, ಅಷ್ಟೇ. ಆ ಮಾತುಗಳಲ್ಲಿ ತಪ್ಪಿದ್ದರೂ ನಮಗೆ ಉಳಿದಿರುವುದು ಅವೇ.

ಮರುದಿನ ಊರಿಗೆ ಫೋನ್ ಮಾಡಿ, “ಅಪ್ಪಾ, ಚಾಪ್ಲಿನ್ ಪೈ ಎಸೆದಿದ್ದಾನೆ. ನಾನೇ ತಪ್ಪು ಹೇಳಿದ್ದೆ” ಎಂದೆ.

“ಹಾಗಾದ್ರೆ ಬೀದಿ?”

“ಬೀದಿ ಮಾತ್ರ ಲಾರೆಲ್-ಹಾರ್ಡಿಯದ್ದು.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಹೇಳಿದರು: “ಎರಡೂ ಒಂದೇ ದಿನ ಬಂದಿದ್ದಿರಬೇಕು ಮಾರಾಯ. ಅವತ್ತು ಕರೆಂಟು ಬೇರೆ ಹೋಗಿ ಹೋಗಿ ಬರ್ತಿತ್ತು.”

ಈ ಸಲ ತಿದ್ದಲಿಲ್ಲ. “ಆಮೇಲೆ?” ಎಂದು ಕೇಳಿ, ನೋಟ್‌ಬುಕ್ ಹತ್ತಿರ ಎಳೆದುಕೊಂಡೆ.