ಪದವೀಧರರ ಕಾಯಕ

ಶರಣರು ಬೋಧಿಸಿದ ಕಾಯಕತತ್ತ್ವದಲ್ಲಿ ಮೇಲು ಕೀಳೆಂಬ ಭೇದವಿಲ್ಲ. ನೇಯುವ ಜೇಡರ ದಾಸಿಮಯ್ಯನೂ ದೋಣಿ ನಡೆಯಿಸುವ ಅಂಬಿಗರ ಚೌಡಯ್ಯನೂ ಶರಣರ ಸಾಲಿನಲ್ಲಿ ಸಮನಾಗಿ ಪೂಜ್ಯರು. ಆದರೆ ಆಂಗ್ಲವಿದ್ಯೆಯು ಬಂದ ಮೇಲೆ ಈ ನಾಡಿನಲ್ಲಿ ಬೇರೊಂದು ಭಾವನೆಯು ಬೇರೂರಿತು. 1857ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ತರುವಾಯ, ಪದವಿಯೆಂದರೆ ಸರಕಾರೀ ನೌಕರಿಯ ಬಾಗಿಲೆಂದೇ ಜನರು ಬಗೆಯತೊಡಗಿದರು. ಒಕ್ಕಲುತನ, ವ್ಯಾಪಾರಗಳನ್ನು ನೆಚ್ಚಿದ್ದ ಲಿಂಗಾಯತ ಸಮಾಜದಲ್ಲಿ ಪದವೀಧರರೇ ವಿರಳ. ಅಂತಹವನೊಬ್ಬನು ಕೈಗೆಟುಕುವ ಸಂಬಳವನ್ನು ತೊರೆದು ಹೊಸದೊಂದನ್ನು ತಾನೇ ಕಟ್ಟುವೆನೆಂದರೆ, ಮನೆಯವರಿಗೆ ಅದು ಮರುಳುತನವೆಂದು ತೋರುವುದು ಸಹಜವೇ ಆಗಿದ್ದಿತು.

ಇಂತಹ ಕಾಲದಲ್ಲಿ, 1916ನೆಯ ಇಸವಿಯ ನವೆಂಬರ್ 13ರಂದು, ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ಒಂದು ಆಂಗ್ಲೋ-ವರ್ನಾಕ್ಯುಲರ್ ಶಾಲೆಯ ರೂಪದಲ್ಲಿ ಉದಯಿಸಿತು. ಅದರ ಸ್ಥಾಪಕರಾದ ಏಳು ಮಂದಿಯನ್ನು ಜನರು ಸಪ್ತರ್ಷಿಗಳೆಂದು ಕರೆದರು. ಅವರಲ್ಲಿ ಶ್ರೀ ಶಿ. ಶಿ. ಬಸವನಾಳ, ಶ್ರೀ ಎಂ. ಆರ್. ಸಾಖರೆ ಮೊದಲಾದವರು ಕಾಲೇಜಿನ ವ್ಯಾಸಂಗವನ್ನು ಮುಗಿಸಿ ಬಹುಕಾಲವಾಗಿರದ ತರುಣರು. ಅವರ ಮುಖ್ಯವಾದ ಬಂಡವಾಳವು ಹಣವಲ್ಲ, ತಮ್ಮ ವಿದ್ಯೆ ಮತ್ತು ತಮ್ಮ ಆಯುಷ್ಯ. ಆಜೀವ ಸದಸ್ಯರಾಗಿ ಅಲ್ಪ ವೇತನದಲ್ಲಿ ದುಡಿಯುವುದೇ ಅವರು ಹಾಕಿದ ಪಾಲು.

ಈ ತ್ಯಾಗಕ್ಕೆ ದಾನವು ಜೊತೆಗೂಡಿತು. ಅರಟಾಳ ರುದ್ರಗೌಡರು, ವಂಟಮುರಿಯ ರಾಜಾ ಲಖಮಗೌಡರು ಮುಂತಾದ ಮಹನೀಯರ ಹೆಸರುಗಳು ಸಂಸ್ಥೆಯ ಚರಿತ್ರೆಯಲ್ಲಿ ಅಚ್ಚಳಿಯದೆ ನಿಂತಿರುವುವು. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜರು ತಮ್ಮ ಸಂಪತ್ತನ್ನು ಸಮಾಜದ ವಿದ್ಯೆಗಾಗಿ ಮೃತ್ಯುಪತ್ರದ ಮೂಲಕ ಬಿಟ್ಟುಹೋಗಿದ್ದರು. 1933ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜು ಅವರ ಹೆಸರನ್ನೇ ಧರಿಸಿತು.

1947ರಲ್ಲಿ ಇದೇ ಸಂಸ್ಥೆಯಿಂದ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. ಭೂಮರಡ್ಡಿಯವರ ಹೆಸರಿನ ಆ ಕಾಲೇಜು 2015ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಪದವೀಧರರು ನೌಕರಿಯನ್ನರಸದೆ ಸ್ವಂತ ಉದ್ಯಮವನ್ನಾರಂಭಿಸಲು ಇಂದು ಅಲ್ಲಿ ಶಿಕ್ಷಣವೂ ನೆರವೂ ದೊರೆಯುವುವು. ಶಾಲೆಯನ್ನು ಕಟ್ಟಿದ ತರುಣರ ಸಾಹಸದ ಫಲವನ್ನು ಈಗಿನ ತರುಣರು ಉಣ್ಣುತ್ತಿರುವರು.

ಆದರೆ ಎಲ್ಲ ಉದ್ಯಮಗಳೂ ಕೈಗೂಡವು. ಸಾಲ ಮಾಡಿ ಓದಿಸಿದ ತಂದೆಯ ಮಗನಿಗೆ ಒಂದು ಸೋಲೇ ಮನೆಯನ್ನು ಮುರಿಯಬಲ್ಲುದು. ಅಂತಹವನಿಗೆ ಧೈರ್ಯವನ್ನು ಮಾತ್ರ ಉಪದೇಶಿಸುವುದು ಸಾಲದು. ಕಾಯಕದೊಡನೆ ದಾಸೋಹವನ್ನು ಶರಣರು ಹೇಳಿದುದರ ಮರ್ಮವು ಇಲ್ಲಿಯೇ ಇರುವುದು: ದುಡಿಯುವವನು ಒಬ್ಬನಾದರೂ ಅವನ ಹೊರೆಯು ಸಮಾಜದ್ದು. ಬೆಳಗಾವಿಯ ಏಳು ಮಂದಿಯ ಬೆನ್ನಿಗೆ ದಾನಿಗಳು ನಿಂತಿದ್ದರು. ಇಂದಿನ ತರುಣನ ಬೆನ್ನಿಗೆ ಯಾರು ನಿಲ್ಲುವರೆಂಬುದನ್ನು ಸದ್ಭಕ್ತರು ಯೋಚಿಸತಕ್ಕದ್ದು.